ಹಾರುಬೂದಿಯೊಳಗಿನ ಮಸಿ

ಮಣಿಪಾಲದಲ್ಲೊಂದು ಸ್ಲ್ಯಾಬ್ ಹಾಕಿ ಎರಡು ಗಂಟೆ ಕಳೆದಿತ್ತು. ಮೇಲೆ ನಿಂತ ನೀರಿನಲ್ಲಿ ತೆಳುವಾಗಿ ಕಪ್ಪು ಪದರ ಹರಡಿತ್ತು. "ಇದೆಂತ ಸಾರ್, ಗಂಜಿಗೆ ಕೆನೆ ಕಟ್ಟಿದ ಹಾಗೆ?" ಎಂದು ಮೇಸ್ತ್ರಿ ಕೇಳಿದರು. ಬೆರಳಲ್ಲಿ ಒರೆಸಿದರೆ ಲಾಟೀನಿನ ಗಾಜಿನ ಮಸಿಯಂತೆ ಅಂಟಿಕೊಂಡಿತು. ಅದು ಉಷ್ಣ ವಿದ್ಯುತ್ ಸ್ಥಾವರದ ಬಾಯ್ಲರಿನಲ್ಲಿ ಪೂರ್ತಿ ಉರಿಯದೆ ಉಳಿದ ಕಲ್ಲಿದ್ದಲು. ಅಲ್ಲಿನ ಹೊಗೆಯಲ್ಲಿ ಬರುವ ಹಾರುಬೂದಿಯ ಜೊತೆ ಕಾಂಕ್ರೀಟಿಗೆ ಬಂದು, ಹಗುರವಾದ್ದರಿಂದ ಮೇಲೆ ತೇಲಿತ್ತು.

ನಮ್ಮಲ್ಲಿ ಬೂದಿಗೇನೂ ಬರವಿಲ್ಲ. ಕಾಪು ತಾಲೂಕಿನ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಉಷ್ಣ ವಿದ್ಯುತ್ ಸ್ಥಾವರವಿದೆ. ಅದಕ್ಕೆ ಬೇಕಾದ ಕಲ್ಲಿದ್ದಲು ವಿದೇಶದಿಂದ ನವಮಂಗಳೂರು ಬಂದರಿಗೆ ಹಡಗಿನಲ್ಲಿ ಬರುತ್ತದೆ. ಸುತ್ತಲಿನ ಊರಿನವರು ಧೂಳಿನ ಬಗ್ಗೆ ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಅವರ ಅಂಗಳಕ್ಕೆ ಬೀಳುವ ಬೂದಿ ಸಿಮೆಂಟಿನೊಳಗೆ ಸೇರಿ ಗಟ್ಟಿಯಾಗುವುದಾದರೆ ಅದಕ್ಕಿಂತ ಒಳ್ಳೆಯ ಬಳಕೆ ನನಗೆ ಕಾಣುವುದಿಲ್ಲ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಹೊರಬೀಳುತ್ತದೆ. ಬೂದಿಯಲ್ಲಿರುವ ಸಿಲಿಕಾ ಆ ಸುಣ್ಣವನ್ನು ಹಿಡಿದು ಮತ್ತಷ್ಟು ಅಂಟು ಮಾಡುತ್ತದೆ, ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣದ ಸರಳನ್ನು ತುಕ್ಕಿನಿಂದ ಕಾಯುವುದೇ ಇದು. ಬೂದಿಯ ಕಣ ಸಾಸಿವೆಯಂತೆ ದುಂಡಗಿರುವುದರಿಂದ ಕಾರ್ಕಳದ ಕ್ರಷರಿನ ಒರಟು ಎಂ-ಸ್ಯಾಂಡ್ ಹಾಕಿದ ಕಾಂಕ್ರೀಟೂ ಸಲೀಸಾಗಿ ಜಾರುತ್ತದೆ.

ಈ ಗುಣವನ್ನೆಲ್ಲ ಕೆಡಿಸುವುದು ಮಸಿ. ಅದರ ಕಣ ದುಂಡಗಿಲ್ಲ, ಸ್ಪಂಜಿನ ಹಾಗೆ ಓಟೆ ಓಟೆ. ನೀರು ಹೀರುತ್ತದೆ, ಕಾಂಕ್ರೀಟು ಸಲೀಸಾಗಲೆಂದು ದುಡ್ಡು ಕೊಟ್ಟು ಹಾಕಿದ ಅಡ್‌ಮಿಕ್ಸ್ಚರನ್ನೂ ಹೀರುತ್ತದೆ. ಕಾಂಕ್ರೀಟು ಬಿಗಿಯಾದಾಗ ಸೈಟಿನಲ್ಲಿ ಮಾಡುವುದು ಒಂದೇ ಕೆಲಸ: ಪೈಪಿನಿಂದ ಇನ್ನೊಂದಿಷ್ಟು ನೀರು ಬಿಡುವುದು. ಅಲ್ಲಿಗೆ ಬೂದಿ ಮುಚ್ಚಬೇಕಾಗಿದ್ದ ರಂಧ್ರಗಳನ್ನು ನಾವೇ ತೆರೆದಂತಾಯಿತು.

ಮಸಿಗೆ ಮದ್ದು ಹುಡುಕಿದವರಲ್ಲಿ ಅಮೆರಿಕದವರು ಮುಂದು. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಬರ್ನರ್ ಬದಲಿಸಿದ ಮೇಲೆ ಅಲ್ಲಿನ ಬೂದಿಯಲ್ಲಿ ಇಂಗಾಲ ಹೆಚ್ಚಿತು. ಅಲ್ಲಿ ಹಿಮ ಕಟ್ಟಿ ಕರಗುವಾಗ ಕಾಂಕ್ರೀಟು ಒಡೆಯದಿರಲೆಂದು ಸಣ್ಣ ಗಾಳಿಗುಳ್ಳೆಗಳನ್ನು ಬೇಕೆಂದೇ ಬಿಡುತ್ತಾರೆ. ಆ ಗುಳ್ಳೆ ಎಬ್ಬಿಸುವ ದ್ರಾವಣವನ್ನೇ ಮಸಿ ನುಂಗತೊಡಗಿತು. ಬೂದಿಯನ್ನು ಮತ್ತೆ ಸುಡುವುದು, ವಿದ್ಯುದಾವೇಶದಿಂದ ಮಸಿಯನ್ನು ಬೇರ್ಪಡಿಸುವುದು, ನೊರೆಯಲ್ಲಿ ತೇಲಿಸಿ ತೆಗೆಯುವುದು, ಓಜೋನ್ ಹಾಯಿಸುವುದು, ರಾಸಾಯನಿಕ ಸಿಂಪಡಿಸಿ ಮಸಿಯ ಹಸಿವನ್ನು ಮೊದಲೇ ತಣಿಸುವುದು, ಇವೆಲ್ಲ ಹುಟ್ಟಿದ್ದು ಹಾಗೆ.

ಉಡುಪಿಯಲ್ಲಿ ಹಿಮ ಬೀಳುವುದಿಲ್ಲ. ಗಾಳಿಗುಳ್ಳೆ ಉಳಿಸಲೆಂದೇ ಹುಟ್ಟಿದ ಸಿಂಪಡಿಕೆಯ ವಿಧಾನಕ್ಕೆ ನಮ್ಮಲ್ಲಿ ಹಣ ಸುರಿಯುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ. ಅದರಿಂದ ಮಸಿ ಹೋಗುವುದೂ ಇಲ್ಲ, ಒಳಗೇ ಕೂತಿರುತ್ತದೆ. ಮತ್ತೆ ಸುಡುವ ವಿಧಾನ ಮಸಿಯನ್ನು ನಿಜವಾಗಿ ತೆಗೆಯುತ್ತದೆ, ಆದರೆ ಅದಕ್ಕೆ ದೊಡ್ಡ ಯಂತ್ರಸ್ಥಾವರವೇ ಬೇಕು. ನೊರೆಯ ವಿಧಾನದಲ್ಲಿ ಬೂದಿ ಒದ್ದೆಯಾಗುತ್ತದೆ; ನಾಲ್ಕು ತಿಂಗಳು ಮಳೆ ಸುರಿಯುವ ಊರಿನಲ್ಲಿ ಅದನ್ನು ಒಣಗಿಸುವ ಖರ್ಚು ಯಾರು ಕೊಡುತ್ತಾರೆ? ವಿದ್ಯುದಾವೇಶದ ವಿಧಾನ ನನಗೆ ಹಿಡಿಸುತ್ತದೆ. ಬೂದಿ ಒಣಗಿಯೇ ಇರುತ್ತದೆ, ತೆಗೆದ ಮಸಿ ಉರುವಲಾಗಿ ಬಾಯ್ಲರಿಗೆ ಹಿಂದಿರುಗಬಹುದು. ಚಿಕಿತ್ಸೆ ಬೇಕೇ ಬೇಕು ಎನ್ನುವಷ್ಟು ಮಸಿಯಿದ್ದರೆ ಇದನ್ನೇ ಆರಿಸಬೇಕು.

ಬೇಕೇ ಎಂದು ತಿಳಿಯುವುದು ಹೇಗೆ? ನಮ್ಮ ಗುತ್ತಿಗೆದಾರರ ಕೈಯಲ್ಲಿರುವುದು ಒಂದೇ ಅಂಕಿ. ಬೂದಿಯನ್ನು ಕುಲುಮೆಯಲ್ಲಿ ಕಾಯಿಸಿದಾಗ ಕಳೆದುಹೋಗುವ ತೂಕ ನೂರಕ್ಕೆ 5 ಮೀರಬಾರದು ಎನ್ನುತ್ತದೆ ಹಾರುಬೂದಿಯ ಭಾರತೀಯ ಮಾನಕ ಐಎಸ್ 3812. ಆ ಮಿತಿ ಇರಲಿ. ಆದರೆ ಎಷ್ಟು ಮಸಿ ಇದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಅದು ಎಷ್ಟು ಹೀರುತ್ತದೆ ಎಂಬುದು ತಿಳಿಯುವುದಿಲ್ಲ. ಒಂದೇ ಅಂಕಿ ತೋರಿಸುವ ಎರಡು ಲೋಡು ಬೂದಿ ಮಿಕ್ಸರಿನಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳಬಲ್ಲವು. ಇದಕ್ಕೊಂದು ಸರಳ ನೊರೆ ಪರೀಕ್ಷೆಯಿದೆ. ಗಾಜಿನ ಬಾಟಲಿಗೆ ಸ್ವಲ್ಪ ಸಿಮೆಂಟು, ಸ್ವಲ್ಪ ಬೂದಿ, ನೀರು ಹಾಕಿ, ಗುಳ್ಳೆ ಎಬ್ಬಿಸುವ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಕುಲುಕಬೇಕು. ಮೊದಲ ಹನಿಗಳಿಗೆ ನೊರೆ ಎದ್ದ ಹಾಗೇ ಒಡೆದುಹೋಗುತ್ತದೆ. ಎಷ್ಟನೇ ಹನಿಗೆ ನೊರೆ 45 ಸೆಕೆಂಡ್ ನಿಲ್ಲುತ್ತದೋ ಅಲ್ಲಿಗೆ ಮಸಿಯ ಹೊಟ್ಟೆ ತುಂಬಿತೆಂದು ಅರ್ಥ. ಗಾಳಿಗುಳ್ಳೆ ಬೇಡದ ನಮಗೂ ಮಸಿಯ ಹಸಿವು ಎಷ್ಟೆಂದು ತೋರಿಸಲು ಈ ಬಾಟಲಿ ಸಾಕು. ಹತ್ತು ನಿಮಿಷದ ಕೆಲಸ. ರೆಡಿಮಿಕ್ಸ್ ಘಟಕದವರು ಲೋಡಿಗೊಮ್ಮೆ ಇದನ್ನು ಮಾಡಲಾಗದು ಎಂದರೆ ನಾನು ಒಪ್ಪುವುದಿಲ್ಲ.

2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆ ಸ್ಥಾವರಗಳ ಬೂದಿಯೆಲ್ಲ ಬಳಕೆಯಾಗಬೇಕು ಎಂದಿದೆ. ಒಳ್ಳೆಯ ಆಶಯ. ಆದರೆ ಬೂದಿ ಖಾಲಿ ಮಾಡುವ ಅವಸರದಲ್ಲಿ ನೀರಿನೊಡನೆ ಹೊಂಡಕ್ಕೆ ಹರಿಸಿದ ಬೂದಿ, ಒಣ ಬೂದಿ ಎಂಬ ಭೇದ ಅಳಿಸಿಹೋಗಬಾರದು. ಸ್ಲ್ಯಾಬಿಗೆ ಬೇಕಾದ್ದು ಧೂಳು ಹಿಡಿಯುವ ಯಂತ್ರದಿಂದ ನೇರವಾಗಿ ಬಂದ ಒಣ ಬೂದಿ.

ಇಷ್ಟೆಲ್ಲ ಮಾಡಿ ಕ್ಯೂರಿಂಗಿನಲ್ಲಿ ಜಿಪುಣತನ ತೋರಿಸಿದರೆ ಏನೂ ಉಳಿಯದು. ಬೂದಿ ನಿಧಾನದ್ದು, ಅದರ ಬಲ 28 ದಿನ ಕಳೆದ ಮೇಲೂ ಏರುತ್ತಿರುತ್ತದೆ. ಬೂದಿ ಬೆರೆತ ಕಾಂಕ್ರೀಟಿಗೆ ಕನಿಷ್ಠ 10 ದಿನ, ಬಿಸಿಲು ಸೆಕೆಯಲ್ಲಿ 14 ದಿನ ಕ್ಯೂರಿಂಗ್ ಬೇಕೆಂದು ಐಎಸ್ 456 ಹೇಳುತ್ತದೆ. ಏಪ್ರಿಲಿನಲ್ಲಿ ಬಾವಿ ಬತ್ತಿದಾಗ ನಾಲ್ಕೇ ದಿನಕ್ಕೆ ನೀರು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆ ಕಟ್ಟಿಸುವವರು ಸ್ಲ್ಯಾಬ್ ದಿನ ಪಾಯಸದ ಊಟದ ಏರ್ಪಾಡು ಮಾಡುವಷ್ಟೇ ಮುತುವರ್ಜಿಯಿಂದ ಎರಡು ವಿಷಯ ಕೇಳಿ ತಿಳಿದುಕೊಳ್ಳಿ: ಈ ಲೋಡಿನ ಬೂದಿಯ ಪರೀಕ್ಷೆಯ ಚೀಟಿ ಎಲ್ಲಿ, ಮುಂದಿನ 14 ದಿನದ ನೀರು ಎಲ್ಲಿಂದ?