ಅಗರು ಕೊಳ್ಳೋಣ, ಗಂಧ ಬೆಳೆಯೋಣ

ರಂಜಾನ್ ತಿಂಗಳಲ್ಲಿ ರಾಯಚೂರಿನ ತೀನ್ ಕಂದೀಲ್ ಬಜಾರಿನ ಅತ್ತರ್ ಸೀಸೆಗಳನ್ನು ಮೂಸದೆ ಮುಂದೆ ಹೋಗುವುದು ನನ್ನಿಂದಾಗದ ಮಾತು. ಗುಲಾಬಿ, ಖಸ್ ಇರಲಿ. ‘ಅಸಲಿ ಊದ್’, ಅಂದರೆ ಅಗರು ಎಣ್ಣೆ, ಎಂದು ಮುಂಗೈಗೆ ಹಚ್ಚಿದಾಗ ಮಾತ್ರ ಮೂಗು ಹುಷಾರಾಗಿರಬೇಕು. ಹಚ್ಚಿದ ಕೂಡಲೇ ಬರೀ ಸಿಹಿ ಹೊಡೆದರೆ ಅನುಮಾನಪಡಿ. ಅಸ್ಸಾಮಿನ ಹಳೇ ಪದ್ಧತಿಯ ಅಗರು ಎಣ್ಣೆ ಮೊದಲು ದನದ ಕೊಟ್ಟಿಗೆಯ ವಾಸನೆಯನ್ನೇ ಮುಂದಿಡುತ್ತದೆ. ತಾಸು ಕಳೆಯಲಿ, ಆಮೇಲೆ ಅದರ ಗತ್ತು ನೋಡಿ.

ಈ ಪರಿಮಳ ಹುಟ್ಟುವುದೇ ಗಾಯದಿಂದ. ಪೆಟ್ಟು ಕಾಣದ ಅಗರು ಕಟ್ಟಿಗೆ ಬಿಳಿಚು, ಹಗುರ, ವಾಸನೆ ಇಲ್ಲ. ಹುಳ ಕೊರೆದು ಶಿಲೀಂಧ್ರ ಒಳಹೊಕ್ಕಾಗ ಮರ ತನ್ನ ರಕ್ಷಣೆಗೆ ಕಪ್ಪು ರಾಳ ತುಂಬಿಕೊಳ್ಳುತ್ತದೆ. ಆ ಭಾಗವನ್ನಷ್ಟೇ ಕೆತ್ತಿ, ಪುಡಿಮಾಡಿ, ದಿನಗಟ್ಟಲೆ ನೀರಲ್ಲಿ ನೆನೆಹಾಕಿ, ಹಂಡೆಯಲ್ಲಿ ಕುದಿಸಿ, ಆವಿ ತಣಿಸಿದರೆ ನೀರಿನ ಮೇಲೆ ತೆಳ್ಳನೆ ಎಣ್ಣೆ. ನೆನೆದದ್ದು ಹುಳಿಯುವುದರಿಂದಲೇ ಆ ಕೊಟ್ಟಿಗೆ ವಾಸನೆ. ಕೆಂಡದ ಮೇಲಿಟ್ಟ ಚಕ್ಕೆಯ ಸೊಗಸು ಎಣ್ಣೆಯಲ್ಲಿ ಪೂರ್ತಿ ಸಿಗುವುದಿಲ್ಲ. ಕ್ರೋಮೋನ್ ಎಂಬ ಭಾರದ ಅಂಶಗಳು ಆವಿಯೊಡನೆ ಏಳದೆ ಕಟ್ಟಿಗೆಯಲ್ಲೇ ಉಳಿಯುತ್ತವೆ. ಎಣ್ಣೆಯನ್ನು ಗ್ಯಾಸ್ ಕ್ರೊಮಟೋಗ್ರಫಿ ಪರೀಕ್ಷೆಗೆ ಕೊಟ್ಟರೆ ಅಗರೋಸ್ಪೈರಾಲ್‌ನಂಥ ಘಟಕಗಳು ಬೇರೆಬೇರೆಯಾಗಿ ಕಾಣಿಸುತ್ತವೆ, ಬೆರೆಸಿದ ಅಗ್ಗದ ದ್ರಾವಕವೂ ಸಿಕ್ಕಿಬೀಳುತ್ತದೆ.

ಮಲೆನಾಡಿನ ತೋಟಗಳಲ್ಲಿ ಅಗರು ಎದ್ದದ್ದನ್ನು ಕಂಡವರು ಕೇಳುತ್ತಾರೆ: “ದೇವದುರ್ಗದ ಹೊಲದಾಗೂ ಹಚ್ಚಬಹುದೇನ್ರಿ?” ಬ್ಯಾಡ್ರಿ. ಅದು ಮಳೆನಾಡಿನ ಮರ. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು.

ನಮ್ಮ ನೆಲಕ್ಕೆ ಒಗ್ಗುವುದು ಶ್ರೀಗಂಧ. ಮೊದಲು ಮಾನ್ವಿ ತಾಲ್ಲೂಕಿನಲ್ಲಿದ್ದು ಈಗ ಸಿರವಾರಕ್ಕೆ ಸೇರಿದ ಕವಿತಾಳದಲ್ಲಿ ರೈತ ಮಹಿಳೆ ಕವಿತಾ ಮಿಶ್ರಾ ಅದನ್ನು ಬೆಳೆದು ತೋರಿಸಿದ್ದಾರೆ. ಗಂಧ ಪಕ್ಕದ ಗಿಡದ ಬೇರಿಗೆ ಬಾಯಿಟ್ಟು ಬದುಕುವ ಜಾತಿ. ಎಳವೆಯಲ್ಲಿ ಅದಕ್ಕೆ ಆಸರೆ ಕೊಡಲು ನಮ್ಮ ತೊಗರಿಯೇ ಸಾಕು. ಮೊರಡಿ ನೆಲದಲ್ಲಿ ನಿಧಾನಕ್ಕೆ ಬೆಳೆದ ಮರದ ಚೇಗಿನಲ್ಲೇ ಎಣ್ಣೆ ಚೆನ್ನ ಎಂಬುದು ಗಂಧ ಬಲ್ಲವರ ಹಳೆಯ ಮಾತು. ಮೈಸೂರು ಸಂಸ್ಥಾನದ ಗಂಧ ಮೊದಲು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ಮಹಾಯುದ್ಧ ಆ ದಾರಿ ಮುಚ್ಚಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿ ಇಳಿಸುವುದನ್ನು ಇಲ್ಲೇ ಸಾಧಿಸಿದರು, 1916ರಲ್ಲಿ ಸರ್ಕಾರಿ ಕಾರ್ಖಾನೆಯ ಕೆಲಸ ಶುರುವಾಯಿತು. ಇಂದು ಒಳ್ಳೆಯ ಗಂಧದೆಣ್ಣೆಗೆ ಅಂತರರಾಷ್ಟ್ರೀಯ ಮಾನದಂಡವೇ ಇದೆ: ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಶೇ 16ರಿಂದ 24. ಅಗರಿಗೆ ಹೋಲಿಸಿದರೆ ಇದು ಲೆಕ್ಕಕ್ಕೆ ಸಿಗುವ ಸುಗಂಧ, ರೈತನಿಗೆ ಬೇಕಾದದ್ದೂ ಅದೇ.

ಹತ್ತು-ಹದಿನೈದು ವರ್ಷಕ್ಕೆ ಮುಂಚೆ ಚೇಗು ಸರಿಯಾಗಿ ಕಟ್ಟುವುದಿಲ್ಲ, ಅವಸರದಲ್ಲಿ ಕೊಡಲಿ ಹಾಕಬೇಡಿ. ಕಳ್ಳರ ಕಾಟವಿದೆ, ಕಾವಲಿಗೂ ಹಣ ಎತ್ತಿಡಿ. ಊದ್ ಚಪಲ ಬಿಡಲಾಗದಿದ್ದರೆ ಕೊಂಡೇ ಹಚ್ಚಿಕೊಳ್ಳಿ, ಆದರೆ ಅಂಗಡಿಯವನಿಗೆ ಪರೀಕ್ಷೆಯ ವರದಿ ಕೇಳಿ ಆಮೇಲೆ ಜೇಬಿಗೆ ಕೈಹಾಕಿ.