ದೋಟಿಗೆ ಹಗುರವೊಂದೇ ಸಾಲದು

ರಾಮಕುಂಜ, ಆಲಂಕಾರು, ಕಡಬದ ಕಡೆಯ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ನೆಲದಲ್ಲೇ ನಿಂತು ಗೊನೆ ಕೊಯ್ಯುವ, ಮದ್ದು ಬಿಡುವ ಉದ್ದನೆಯ ಕೋಲು, ಈಗ ಹೊಸತೇನಲ್ಲ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಮತ್ತು ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ವಿಟ್ಲದ ಕೇಂದ್ರ ಅದರ ತರಬೇತಿ ಶಿಬಿರಗಳಿಗೂ ಕೈಜೋಡಿಸಿವೆ. ಆಟಿ ತಿಂಗಳ ಮಳೆಯಲ್ಲಿ, ಜಾರುವ ಮರದ ನೆತ್ತಿಯಲ್ಲಿ ಕೂತು ಕೊಳೆರೋಗಕ್ಕೆ ಮದ್ದು ಬಿಡುತ್ತಿದ್ದವರನ್ನು ನೆಲದ ಮೇಲೆ ನಿಲ್ಲಿಸಿದ ಸಲಕರಣೆ ಇದು. ಅದರ ಮೇಲೆ ನನಗೆ ತುಂಬು ಗೌರವವಿದೆ. ಆದರೆ ಕೊಳ್ಳುವಾಗ ನಾವು ಕೇಳುವುದು ಎರಡೇ: ತೂಕ ಎಷ್ಟು, ಬೆಲೆ ಎಷ್ಟು?

ಇವೆರಡೇ ಏಕೆ ಸಾಲದು ಎಂಬುದಕ್ಕೆ ಗಾಲ್ಫ್ ನೋಡಿ. ಅಲ್ಲಿ ದೂರ ಹೊಡೆಯುವ ‘ಡ್ರೈವರ್’ ಕೋಲಿನ ದಂಡ, ಅಂದರೆ ಶಾಫ್ಟ್ ಕೂಡ ಕಾರ್ಬನ್ ಫೈಬರಿನದೇ; ಗಾಲ್ಫಿನವರು ಅದನ್ನು ಗ್ರಾಫೈಟ್ ಎನ್ನುತ್ತಾರೆ. 1969ರಲ್ಲಿ ಅಮೆರಿಕದ ಶೇಕ್ಸ್‌ಪಿಯರ್ ಎಂಬ, ಗಾಳದ ಕೋಲಿಗೆ ಹೆಸರಾದ ಕಂಪನಿಯಲ್ಲಿ ಫ್ರಾಂಕ್ ಥಾಮಸ್ ಗ್ರಾಫೈಟ್ ಶಾಫ್ಟ್ ರೂಪಿಸಿದರು. ಉಕ್ಕಿನದು ನೂರು ಗ್ರಾಂ ದಾಟುತ್ತಿತ್ತು. ಇಂದಿನ ಗ್ರಾಫೈಟ್ ಶಾಫ್ಟ್‌ಗಳು ಹೆಚ್ಚಾಗಿ 50–60 ಗ್ರಾಂ. ಆರಂಭದ ಶಾಫ್ಟ್‌ಗಳು ಹಗುರವಾಗಿದ್ದರೂ ಹೊಡೆತಕ್ಕೆ ತಿರುಚಿಕೊಂಡು ಚೆಂಡಿನ ದಿಕ್ಕು ಕೆಡಿಸುತ್ತಿದ್ದವು. ಮುಂದಿನ ಸುಧಾರಣೆಯಲ್ಲಿ ಎಳೆಗಳನ್ನು ಸುತ್ತುವ ಕ್ರಮದ ಪಾಲು ದೊಡ್ಡದು. ಉದ್ದಕ್ಕೆ ಹಾಸಿದ ಎಳೆ ಬಾಗುವುದನ್ನು ತಡೆಯುತ್ತದೆ, 45 ಡಿಗ್ರಿ ಓರೆಯದು ತಿರುಚುವುದನ್ನು, ಅಡ್ಡ ಸುತ್ತಿದ್ದು ಕೊಳವೆ ಚಪ್ಪಟೆಯಾಗುವುದನ್ನು. ದುಬಾರಿ ಶಾಫ್ಟ್ ಎಷ್ಟು ಡಿಗ್ರಿ ತಿರುಚುತ್ತದೆ ಎಂಬುದನ್ನೂ ತಯಾರಕರು ಹೇಳುತ್ತಾರೆ.

ನಾಲ್ಕಡಿ ಮೀರದ ಆಟದ ಕೋಲಿಗೆ ಇಷ್ಟು ಲೆಕ್ಕವಿರುವಾಗ ಅರುವತ್ತಡಿಯ ದೋಟಿಗೆ ಬೇಡವೇ? ಗೊನೆ ಕೊಯ್ಯುವ ಕತ್ತಿ ಪಕ್ಕಕ್ಕೆ ಚಾಚಿರುತ್ತದೆ. ಎಳೆದರೆ ತುದಿ ತಿರುಚುತ್ತದೆ. ಕ್ಲ್ಯಾಂಪ್ ಬಿಗಿಯುವಲ್ಲಿ ಅಡ್ಡ ಸುತ್ತು ಕಡಿಮೆಯಾದರೆ ಕೊಳವೆ ಸೀಳುತ್ತದೆ. ಒಂದೇ ದಪ್ಪದ ಕೊಳವೆಯನ್ನು ಅಡ್ಡ ಹಿಡಿದರೆ, ಉದ್ದ ಇಮ್ಮಡಿಯಾದಾಗ ತನ್ನದೇ ಭಾರಕ್ಕೆ ತುದಿ ಜಗ್ಗುವುದು ಹದಿನಾರು ಪಟ್ಟು. ದೋಟಿ ವಾಲಿದಾಗಲೂ ಕೆಲಸ ಮಾಡುವುದು ಇದೇ ಲೆಕ್ಕ. ದಿನವಿಡೀ ಕತ್ತೆತ್ತಿ ಅದನ್ನು ಸಂಭಾಳಿಸುವವರ ಹೆಗಲಿಗೆ ಮುಟ್ಟುವುದು ತಕ್ಕಡಿ ತೋರಿಸುವ ತೂಕಕ್ಕಿಂತ ಹೆಚ್ಚಾಗಿ ಈ ಓಲಾಟ.

ನನ್ನ ದೊಡ್ಡ ತಕರಾರು ಬೇರೆಯೇ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ನಮ್ಮ ಎಷ್ಟೋ ತೋಟಗಳ ಮೇಲೆ ತಂತಿ ಹಾದುಹೋಗಿದೆ. ಕೈ ಹಿಡಿಯುವ ಬುಡದ ತುಂಡನ್ನಾದರೂ ಗ್ಲಾಸ್ ಫೈಬರಿನಿಂದ ಮಾಡಬೇಕು. ತೂಕ ತುಸು ಏರಲಿ, ಬುಡದ ಭಾರ ಅಷ್ಟು ಕಾಡದು. ಹಾಗೆ ಮಾಡಿದರೂ ಒದ್ದೆ ಕೋಲನ್ನು, ಮದ್ದು ಹರಿಯುವ ಒದ್ದೆ ಪೈಪನ್ನು ನಂಬುವಂತಿಲ್ಲ. ತಂತಿಯ ಹತ್ತಿರದ ಮರಗಳಿಗೆ ಮದ್ದು ಬಿಡುವ ಮೊದಲು ಲೈನ್ ಆಫ್ ಮಾಡಿಸಲೇಬೇಕು.