ಎಂಬತ್ತರ ರೋಗಿ ಮತ್ತು ಒಂದು ಗುಳಿಗೆ

‘ಈ ವಯಸ್ಸಿನಲ್ಲಿ ಇನ್ನೇನು ಚಿಕಿತ್ಸೆ? ಮನೆಗೆ ಕರೆದುಕೊಂಡು ಹೋಗಿ, ಬೇಕೆಂದದ್ದು ತಿನ್ನಿಸಿ.’ ಎಂಬತ್ತು ದಾಟಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದೊಡನೆ ನಮ್ಮಲ್ಲಿ ಕೇಳಿಬರುವ ಮಾತಿದು. ಕೀಮೋಥೆರಪಿ ಬಿಟ್ಟರೆ ಬೇರೆ ದಾರಿಯಿಲ್ಲದ ಕಾಲದಲ್ಲಿ ಅದರಲ್ಲಿ ಕರುಣೆಯೂ ಇತ್ತು. ಈಗ ಅದೇ ಮಾತು ಒಂದು ಪರೀಕ್ಷೆಯನ್ನೇ ತಪ್ಪಿಸುತ್ತಿದೆ ಎಂಬುದು ನಮ್ಮ ಆಕ್ಷೇಪ.

ಕೆಲವರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ವಂಶವಾಹಿ ಬದಲಾಗಿರುತ್ತದೆ. ಜೀವಕೋಶಕ್ಕೆ ‘ಬೆಳೆ, ಬೆಳೆ’ ಎನ್ನುವ ಸಂಕೇತ ನಿಲ್ಲುವುದೇ ಇಲ್ಲ. ಜೆಫಿಟಿನಿಬ್ ಗುಳಿಗೆ, ದಿನಕ್ಕೊಂದರಂತೆ 250 ಮಿಲಿಗ್ರಾಂ, ಆ ಸಂಕೇತವನ್ನು ತಡೆಯುತ್ತದೆ. ಈ ಬದಲಾವಣೆ ಬೀಡಿ, ಸಿಗರೇಟು ಮುಟ್ಟದ ಏಷ್ಯಾದ ಹೆಂಗಸರಲ್ಲಿ ಹೆಚ್ಚು. ಹಾಗಿರುವಾಗ ನಮ್ಮ ಅಜ್ಜಿಯರನ್ನು ವಯಸ್ಸಿನ ನೆಪದಲ್ಲಿ ಹೊರಗಿಡುವುದು ಸರಿಯೇ?

ಜಪಾನಿನ ವೈದ್ಯರು ಕೀಮೋ ತಾಳಲಾರದ 30 ಮಂದಿಗೆ ಈ ಗುಳಿಗೆ ಕೊಟ್ಟು 2009ರಲ್ಲಿ ವರದಿ ಪ್ರಕಟಿಸಿದರು. ದಿನದ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇದ್ದ 22 ಜನರಲ್ಲಿ 15 ಮಂದಿ ಎದ್ದು ಓಡಾಡುವಂತಾದರು. 2012ರ ಇನ್ನೊಂದು ವರದಿಯಲ್ಲಿದ್ದವರು 75 ತುಂಬಿದ 31 ಮಂದಿ. ಸುಮಾರು ಮುಕ್ಕಾಲು ಪಾಲು ಜನರ ಗಡ್ಡೆ ಕುಗ್ಗಿತು. ಇವು ಚಿಕ್ಕ ಅಧ್ಯಯನಗಳು, ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ. ರೋಗ ವಾಸಿಯಾಯಿತೆಂದೂ ಅಲ್ಲ; ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ ಗಡ್ಡೆ ಮತ್ತೆ ಬೆಳೆಯತೊಡಗುತ್ತದೆ. ಆದರೆ ಎಂಬತ್ತರ ಬದುಕಿನಲ್ಲಿ ಒಂದು ವರ್ಷ ಸಣ್ಣದೇನಲ್ಲ.

‘ಪವಾಡದ ಗುಳಿಗೆ’ ಎನ್ನುವವರು ಅದೇ ಜಪಾನಿನ ಇನ್ನೊಂದು ಕಥೆಯನ್ನೂ ತಿಳಿಯಬೇಕು. 2002ರಲ್ಲಿ ಜಗತ್ತಿನಲ್ಲೇ ಮೊದಲು ಇದಕ್ಕೆ ಒಪ್ಪಿಗೆ ಕೊಟ್ಟದ್ದು ಆ ದೇಶ. ಗುಳಿಗೆಯಿಂದ ಶ್ವಾಸಕೋಶ ಉರಿಯೂತಗೊಂಡು ನೂರಾರು ಜನ ಸತ್ತರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರಲ್ಲಿ ಕುಟುಂಬಗಳು ಸೋತವು. ಯಾರಿಗೆ ಕೊಡಬೇಕೆಂಬ ಸುಳಿವಾದರೂ ಸಿಕ್ಕಿದ್ದು 2004ರಲ್ಲಿ. ಏಷ್ಯಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ವಂಶವಾಹಿ ಬದಲಾಗದವರಲ್ಲಿ ಗುಳಿಗೆಯಿಂದ ಗಡ್ಡೆ ಕುಗ್ಗಿದ್ದು ನೂರಕ್ಕೆ ಒಬ್ಬರಿಗೆ. ಕೀಮೋದಿಂದ 23 ಮಂದಿಗೆ. ಪರೀಕ್ಷೆಯಿಲ್ಲದೆ ಗುಳಿಗೆ ಬರೆಯುವುದೂ ಅಷ್ಟೇ ದೊಡ್ಡ ಅನ್ಯಾಯ.

ಎದೆಗೆ ಸೂಜಿ ಚುಚ್ಚಿ ತುಣುಕು ತೆಗೆಯುವುದು ಮುದುಕರಿಗೆ ಕಷ್ಟ, ನಿಜ. ರಕ್ತದಲ್ಲೂ ಈ ಬದಲಾವಣೆಯನ್ನು ಹುಡುಕಬಹುದು, ಸಿಗದಿದ್ದರೆ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಜೆಫಿಟಿನಿಬ್ ಅನ್ನು ನಮ್ಮ ದೇಶದ ಕಂಪನಿಗಳೇ ತಯಾರಿಸುತ್ತವೆ. ಅದಕ್ಕಿಂತ ಹೊಸದಾದ ಒಸಿಮರ್ಟಿನಿಬ್ ದುಬಾರಿ. 2024ರ ಬಜೆಟ್ಟಿನಲ್ಲಿ ಅದರ ಆಮದು ಸುಂಕ ತೆಗೆದರು.

ಇಷ್ಟೆಲ್ಲ ಮಾತನ್ನೂ ವೈದ್ಯರು ಆಡುವುದು ಮಗನೊಡನೆ. ಎಷ್ಟೋ ಸಲ ಅಜ್ಜಿಗೆ ರೋಗದ ಹೆಸರೂ ಗೊತ್ತಿರುವುದಿಲ್ಲ. ಈ ಗುಳಿಗೆಗೆ ಮೈಮೇಲೆ ಗುಳ್ಳೆ ಏಳುತ್ತವೆ, ಭೇದಿಯಾಗುತ್ತದೆ. ರಾತ್ರಿ ಎಷ್ಟು ಸಲ ಎದ್ದು ಹೋಗಬಲ್ಲಿರಿ, ಕೈ ಹಿಡಿಯುವವರು ಯಾರಿದ್ದಾರೆ, ಇಷ್ಟಾದರೂ ನಿಮಗೆ ಇದು ಬೇಕೆ ಎಂದು ಆಕೆಯನ್ನೇ ಕೂರಿಸಿಕೊಂಡು ಕೇಳಬೇಕು.